ಅಮ್ಮನ ಬ್ರಹ್ಮಕಮಲ

ನಮ್ಮ ಮನೆಯ ಹಿತ್ತಲಿನಲ್ಲಿ, ಬಚ್ಚಲುಮನೆಯ ಗೋಡೆಗೆ ಒರಗಿಸಿದಂತೆ, ತಳ ತೂತಾದ ಹಳೆಯ ತಾಮ್ರದ ಹಂಡೆಯೊಂದಿದೆ. ಅದರಲ್ಲಿ ಅಮ್ಮ ಬೆಳೆಸಿರುವ ಗಿಡಕ್ಕೆ ನೋಡುವಂಥ ರೂಪವೇನೂ ಇಲ್ಲ. ಉದ್ದನೆಯ, ಚಪ್ಪಟೆಯಾದ, ಅಂಚಿನಲ್ಲಿ ಯಾರೋ ಕಚ್ಚಿಟ್ಟಂತಿರುವ ಎಲೆಗಳು ಒಂದರ ಮೈಯಿಂದ ಮತ್ತೊಂದು ಹೊರಟು, ಹೇಳುವವರು ಕೇಳುವವರಿಲ್ಲದ ಮಕ್ಕಳಂತೆ ಎತ್ತೆತ್ತಲೋ ಜೋತುಬಿದ್ದಿರುತ್ತವೆ. ವರ್ಷದ ಬಹುಭಾಗ ಅದರ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಮಳೆಗಾಲ ಬಂದು, ಎಲೆಯ ಅಂಚಿನಿಂದ ಕೊಕ್ಕೆಯಂತೆ ಬಾಗಿದ ಮೊಗ್ಗೊಂದು ಇಳಿಬಿತ್ತೆಂದರೆ ಮನೆಯ ದಿನಚರಿಯೇ ಬದಲಾಗಿಬಿಡುತ್ತದೆ. ಅಮ್ಮ ಬೆಳಗ್ಗೆ ಎದ್ದವಳು ದೇವರ ಮನೆಗೆ ಹೋಗುವ ಮುನ್ನ ಹಿತ್ತಲಿಗೆ ಹೋಗಿ ಬರುತ್ತಾಳೆ. ಮೊಗ್ಗು ಎಷ್ಟು ದಪ್ಪವಾಯಿತು, ಕತ್ತನ್ನು ಎಷ್ಟು ಮೇಲಕ್ಕೆತ್ತಿತು ಎಂಬುದನ್ನು ಕಾಫಿಯ ಹೊತ್ತಿಗೆ ನಮಗೆಲ್ಲ ವರದಿ ಮಾಡುತ್ತಾಳೆ. ಕೊನೆಗೊಂದು ದಿನ ಸಂಜೆ, "ಇವತ್ತು ರಾತ್ರಿ" ಎಂದು ತೀರ್ಪು ಕೊಡುತ್ತಾಳೆ. ಆ ತೀರ್ಪು ತಪ್ಪಿದ್ದನ್ನು ನಾನು ಕಂಡಿಲ್ಲ.

ಅಂದು ರಾತ್ರಿ ನಾಲ್ಕು ಮನೆಗಳಿಗೆ ಹೇಳಿಬರುವ ಕೆಲಸ ನನ್ನದು. ಹತ್ತು ಗಂಟೆಯ ಹೊತ್ತಿಗೆ ಹಿತ್ತಲಿನಲ್ಲಿ ಮಡಿಸುವ ಕುರ್ಚಿಗಳು, ಚಾಪೆ, ಒಂದು ತಟ್ಟೆಯಲ್ಲಿ ಅರಿಸಿನ ಕುಂಕುಮ, ಒಳಗಿನಿಂದ ಬರುವ ಕಾಫಿಯ ಪರಿಮಳ. ನೆರೆಯ ಹೆಂಗಸರು, ನಿದ್ದೆಗಣ್ಣಿನ ಮಕ್ಕಳು, ಒಲ್ಲೆನೆಂದರೂ ಎಳೆದು ತಂದ ಒಬ್ಬಿಬ್ಬರು ಗಂಡಸರು. ಎಲ್ಲರ ಕಣ್ಣೆದುರಿನಲ್ಲೇ ಆ ಬಿಳಿಯ ಎಸಳುಗಳು ಉಸಿರು ತೆಗೆದುಕೊಂಡಂತೆ ಸಡಿಲವಾಗುತ್ತ, ನಡುರಾತ್ರಿಗೆ ಅಂಗೈಗಿಂತ ದೊಡ್ಡದಾಗಿ ಬಿರಿದು, ಹಿತ್ತಲನ್ನೆಲ್ಲ ಸುಗಂಧದಿಂದ ತುಂಬುತ್ತವೆ. ಬೆಳಗಾಗುವುದರೊಳಗೆ ಅದು ಒದ್ದೆ ಬಟ್ಟೆಯ ತುಂಡಿನಂತೆ ಜೋತುಬಿದ್ದಿರುತ್ತದೆ. ನಮ್ಮ ಬಡಾವಣೆಯಲ್ಲಿ ಇಂದು ಹತ್ತಾರು ಮನೆಗಳಲ್ಲಿ ಈ ಗಿಡವಿದೆ. ಅವೆಲ್ಲವೂ ಅಮ್ಮ ಮುರಿದುಕೊಟ್ಟ ಎಲೆಗಳ ಸಂತಾನವೇ. ಅದಕ್ಕೆ ಅಮ್ಮ ಹೇಳುವ, ಊರೆಲ್ಲ ಹೇಳುವ ಹೆಸರು ಬ್ರಹ್ಮಕಮಲ.

ನನ್ನ ಅಪರಾಧ ನಡೆದದ್ದು ಮೂರು ವರ್ಷಗಳ ಹಿಂದೆ, ಇಂಥದೇ ಒಂದು ರಾತ್ರಿ. ಪಕ್ಕದ ಮನೆಯ ಮಗುವೊಂದು, "ಅಜ್ಜಿ, ಬ್ರಹ್ಮ ಇದರ ಮೇಲೇನೇ ಕೂತಿದ್ದನಾ?" ಎಂದು ಕೇಳಿತು. ಅಮ್ಮ ಕಥೆ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನನ್ನೊಳಗಿನ ಅಧ್ಯಾಪಕ ಎದ್ದು ನಿಂತ. ಹಿಂದಿನ ವಾರವಷ್ಟೇ ನಾನು ಈ ವಿಷಯವಾಗಿ ಓದಿಕೊಂಡಿದ್ದೆ. ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ನಮ್ಮ ವೃತ್ತಿಯವರಿಗೆ ಇಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಇದು ಬ್ರಹ್ಮಕಮಲವೇ ಅಲ್ಲ, ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡುಗಳಿಂದ ಬಂದ ಒಂದು ಬಗೆಯ ಕಳ್ಳಿ. ನೀವು ಎಲೆ ಎನ್ನುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ನಿಜವಾದ ಬ್ರಹ್ಮಕಮಲ ಹಿಮಾಲಯದ ಎತ್ತರದಲ್ಲಿ ಮಾತ್ರ ಬೆಳೆಯುವಂಥದು, ಸೇವಂತಿಗೆ ಸೂರ್ಯಕಾಂತಿಗಳ ವಂಶಕ್ಕೆ ಸೇರಿದ್ದು, ಉತ್ತರಾಖಂಡದ ರಾಜ್ಯಪುಷ್ಪ. ಎಂದು ಹತ್ತು ನಿಮಿಷ ನಿಂತು ಪಾಠ ಹೇಳಿದೆ. ಕುಂಕುಮ ಇಡಲು ಹೂವಿನ ಕಡೆಗೆ ಚಾಚಿದ್ದ ವೃದ್ಧೆಯೊಬ್ಬರ ಕೈ ಹಿಂದಕ್ಕೆ ಸರಿಯಿತು. ಅಮ್ಮ, "ಹೌದೇನೋ" ಎಂದಷ್ಟೇ ಹೇಳಿ ಕಾಫಿ ತರಲು ಒಳಗೆ ಹೋದಳು.

ಮರುವರ್ಷ ಮಳೆಗಾಲದಲ್ಲಿ ತೀರ್ಪು ಬರಲಿಲ್ಲ. ಒಂದು ಬೆಳಗ್ಗೆ ಮುಖ ತೊಳೆಯಲು ಹೋದಾಗ ಬಾಡಿದ ಮೂರು ಹೂವುಗಳು ಕಂಡವು. ಕೇಳಿದ್ದಕ್ಕೆ ನನ್ನ ಹೆಂಡತಿ, "ಅತ್ತೆ ಒಬ್ಬರೇ ಹಿತ್ತಲಲ್ಲಿ ಕೂತಿದ್ದರು. ನಾನು ಹೋದಾಗ, ನೀನು ಮಲಕ್ಕೋ ಹೋಗಮ್ಮ, ಇದೇನು ದೇವರ ಹೂವೇ ಅಂದರು" ಎಂದಳು. ನಾನು ಸರಿಯಾದುದನ್ನೇ ಹೇಳಿದ್ದೆ. ಒಂದಕ್ಷರವೂ ತಪ್ಪಿರಲಿಲ್ಲ. ಆದರೂ ಆ ದಿನ ತರಗತಿಯಲ್ಲಿ ನನ್ನ ಪಾಠ ನನಗೇ ರುಚಿಸಲಿಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಯಾವ ಹೂವಿನ ಪರವಾಗಿ ನಾನು ಅಷ್ಟು ಉಗ್ರವಾಗಿ ವಾದಿಸಿದ್ದೆನೋ ಅದನ್ನು ನಾನು ಕಣ್ಣಿನಿಂದ ಕಂಡವನಲ್ಲ. ಕಳೆದ ವರ್ಷ ಆಗಸ್ಟ್ ತಿಂಗಳ ಕೊನೆಯಲ್ಲಿ ಕಾಲೇಜಿಗೆ ಹತ್ತು ದಿನ ರಜೆ ಹಾಕಿ, ಗಢವಾಲದ ಪುಷ್ಪಕಣಿವೆ ರಾಷ್ಟ್ರೀಯ ಉದ್ಯಾನಕ್ಕೂ ಅದರ ಮಗ್ಗುಲಿನ ಹೇಮಕುಂಡಕ್ಕೂ ಹೊರಟು ನಿಂತೆ. ಹೊರಡುವಾಗ ಅಮ್ಮ ಚಟ್ನಿಪುಡಿಯ ಡಬ್ಬಿಯನ್ನು ಚೀಲಕ್ಕೆ ತುರುಕುತ್ತ, "ನಿನ್ನ ಆ ಹೂವು ಸಿಕ್ಕರೆ ಒಂದು ತಗೊಂಡು ಬಾ. ನಾನೂ ನೋಡುತ್ತೀನಿ" ಎಂದಳು. 'ನಿನ್ನ' ಎಂಬ ಆ ಮಾತು ದೆಹಲಿಯ ತನಕ ನನ್ನ ಜೊತೆಯಲ್ಲೇ ಬಂತು.

ದೆಹಲಿ, ಹರಿದ್ವಾರ, ಋಷಿಕೇಶಗಳನ್ನು ಓದುಗರು ಬೇಕಾದಷ್ಟು ಪ್ರವಾಸಕಥನಗಳಲ್ಲಿ ಕಂಡಿದ್ದಾರೆ. ನಾನು ಅಲ್ಲಿ ನಿಲ್ಲುವುದಿಲ್ಲ. ಜೋಶಿಮಠದಲ್ಲಿ ಮಾತ್ರ ಒಂದು ರಾತ್ರಿ ತಂಗಿದೆ. ಶೃಂಗೇರಿಯಂತೆಯೇ ಶಂಕರಾಚಾರ್ಯರ ನಾಲ್ಕು ಪೀಠಗಳಲ್ಲಿ ಒಂದಾದ ಊರು ಇದು. ತುಂಗೆಯ ತೀರದ ನೆನಪಿನಲ್ಲಿ ಹೋದವನಿಗೆ ಕಂಡದ್ದು ಬಿರುಕು ಬಿಟ್ಟ ಗೋಡೆಗಳು. 2023ರ ಜನವರಿಯಲ್ಲಿ ಈ ಊರಿನ ನೆಲವೇ ಕುಸಿಯತೊಡಗಿ ನೂರಾರು ಮನೆಗಳು ಸೀಳಿದವು. ಹಳೆಯ ಭೂಕುಸಿತದ ಮಣ್ಣಿನ ಮೇಲೆ ನಿಂತ ಊರು ಎಷ್ಟು ಭಾರವನ್ನು ತಾಳೀತು ಎಂಬ ಪ್ರಶ್ನೆ ಅಲ್ಲಿ ಇಂದಿಗೂ ಕೇಳಿಬರುತ್ತದೆ. ನಾನಿದ್ದ ವಸತಿಗೃಹದ ಗೋಡೆಯಲ್ಲೂ ಓರೆಯಾಗಿ ಹಾದುಹೋದ ಗೀರೊಂದಿತ್ತು. ಅದರ ಮೇಲೆ ದೇವರ ಕ್ಯಾಲೆಂಡರು ತೂಗುಹಾಕಿದ್ದರು.

ಅಲ್ಲಿಂದ ಬದರಿಯ ದಾರಿಯಲ್ಲಿ ಗೋವಿಂದಘಾಟಿಗೆ ಬಂದರೆ ಅಲಕನಂದೆಯ ಆಚೆಗೆ ಪುಲನಾ ಗ್ರಾಮದವರೆಗೆ ಜೀಪು ಹೋಗುತ್ತದೆ. ಅಲ್ಲಿಂದ ಘಂಗರಿಯಾಕ್ಕೆ ಸುಮಾರು 10 ಕಿಲೋಮೀಟರ್ ಏರುದಾರಿ. ಹೇಮಕುಂಡ ಸಾಹಿಬ್ ಸಿಖ್ಖರಿಗೆ ಪರಮ ಪವಿತ್ರವಾದ ಕ್ಷೇತ್ರವಾದ್ದರಿಂದ ಆ ದಾರಿಯಲ್ಲಿ ಜನವೋ ಜನ. ಬರಿಗಾಲಿನಲ್ಲಿ ನಡೆಯುವ ಮುದುಕರು, ಬಣ್ಣದ ರುಮಾಲಿನ ಹುಡುಗರು, ಹೇಸರಗತ್ತೆಗಳ ಸಾಲು, ಅವುಗಳ ಲದ್ದಿ ಮಳೆನೀರಿನೊಡನೆ ಬೆರೆತು ಮೆಟ್ಟಿಲ ಮೇಲೆ ಹರಿಯುವ ಕಂದು ತೊರೆ. ನೇಪಾಳದಿಂದ ಬಂದ ಕೂಲಿಗಳು ಬೆನ್ನಿಗೆ ಕಟ್ಟಿದ ಬೆತ್ತದ ಬುಟ್ಟಿಯಲ್ಲಿ ಮಕ್ಕಳನ್ನೂ ವೃದ್ಧರನ್ನೂ ಕೂರಿಸಿಕೊಂಡು ಏರುತ್ತಾರೆ. ಆ ಬುಟ್ಟಿಗೆ ಕಂಡಿ ಎಂದು ಹೆಸರು. ಅದರಲ್ಲಿ ಹಿಮ್ಮುಖವಾಗಿ ಕುಳಿತಿದ್ದ ಅಜ್ಜಿಯೊಬ್ಬರು ಏದುಸಿರು ಬಿಡುತ್ತಿದ್ದ ನನ್ನನ್ನು ಬಹಳ ಹೊತ್ತು ಕನಿಕರದಿಂದ ನೋಡುತ್ತ ಹೋದರು. ಕನ್ನಡ ಎಂ.ಎ.ಗೆ ಓದುವಾಗ ಯಾರೂ ನಮಗೆ ಬೆಟ್ಟ ಹತ್ತಿಸಿರಲಿಲ್ಲ.

ಘಂಗರಿಯಾದ ಎತ್ತರ ಸುಮಾರು 3,000 ಮೀಟರ್. ಚಳಿಗಾಲದಲ್ಲಿ ಹಿಮ ಮುಚ್ಚಿ ಅಲ್ಲಿ ಯಾರೂ ಇರುವುದಿಲ್ಲ. ಬೇಸಗೆ ಮಳೆಗಾಲಗಳಲ್ಲಿ ಗುರುದ್ವಾರ, ವಸತಿಗೃಹಗಳು, ಜಿಲೇಬಿಯ ಅಂಗಡಿಗಳು. ಊರು ದಾಟಿದೊಡನೆ ದಾರಿ ಎರಡಾಗುತ್ತದೆ. ಬಲಕ್ಕೆ ಹೇಮಕುಂಡ, ಎಡಕ್ಕೆ ಪುಷ್ಪಕಣಿವೆ. ಬಂದ ಜನದಲ್ಲಿ ಬಹುಪಾಲು ಬಲಕ್ಕೆ ತಿರುಗುತ್ತಾರೆ. ನಾನು ಮೊದಲ ದಿನ ಎಡಕ್ಕೆ ತಿರುಗಿದೆ.

ದಾರಿ ತೋರಿಸಲು ಬಂದವನು ಭ್ಯುಂಡಾರ್ ಗ್ರಾಮದವನು, ಐವತ್ತು ದಾಟಿದ ಗೃಹಸ್ಥ. ನಾನು ಅಧ್ಯಾಪಕನೆಂದು ತಿಳಿದ ಮೇಲೆ ಮಾಸ್ಟರ್‌ಜೀ ಎಂದೇ ಕರೆಯತೊಡಗಿದ. 2013ರ ಜೂನ್ ತಿಂಗಳ ಜಲಪ್ರಳಯದಲ್ಲಿ ಅವನ ಊರಿನ ಬಹುಭಾಗ ಕೊಚ್ಚಿಹೋಯಿತು. ತನ್ನ ಮನೆ ಇದ್ದ ಜಾಗವನ್ನು ದಾರಿಯಲ್ಲಿ ನನಗೆ ತೋರಿಸಿದ್ದ. ಅಲ್ಲಿ ಬಂಡೆಗಳ ರಾಶಿಯಿತ್ತು, ಅದರ ನಡುವೆ ನದಿಯಿತ್ತು. ಅದನ್ನು ಹೇಳುವಾಗ ಅವನ ಧ್ವನಿಯಲ್ಲಿ ಏರಿಳಿತವೇನೂ ಇರಲಿಲ್ಲ.

ಅರಣ್ಯ ಇಲಾಖೆಯ ಬಾಗಿಲಿನಲ್ಲಿ ಚೀಟಿ ಪಡೆದು ಒಳಹೊಕ್ಕರೆ ಮೊದಲು ಕಾಡು. ಫರ್ ಮರಗಳು ಕಪ್ಪಗೆ ನೆಟ್ಟಗೆ ನಿಂತಿವೆ. ಪುಷ್ಪಾವತಿ ನದಿಯ ಸೇತುವೆ ದಾಟಿ ಏರತೊಡಗಿದ ಮೇಲೆ, ಬೆಳ್ಳಗೆ ಸುಲಿದುಕೊಂಡ ತೊಗಟೆಯ ಮರಗಳು ಬಂದವು. ಜೊತೆಗಾರ ಕೆಳಗೆ ಬಿದ್ದಿದ್ದ ಚೂರೊಂದನ್ನು ಎತ್ತಿ ನನ್ನ ಕೈಗಿತ್ತು, "ಭೋಜಪತ್ರ" ಎಂದ. ಭೂರ್ಜಪತ್ರ! ಹಸ್ತಪ್ರತಿ ಶಾಸ್ತ್ರದ ಪಾಠದಲ್ಲಿ ಪ್ರತಿವರ್ಷ ನಾನು ಹೇಳುವ ಮಾತು: ದಕ್ಷಿಣದವರು ಓಲೆಗರಿಯ ಮೇಲೆ ಕಂಠದಿಂದ ಕೊರೆದರು, ಉತ್ತರದವರು ಭೂರ್ಜಪತ್ರದ ಮೇಲೆ ಮಸಿಯಿಂದ ಬರೆದರು. ಕಾಳಿದಾಸನ ಕುಮಾರಸಂಭವದಲ್ಲಿ ವಿದ್ಯಾಧರ ಸ್ತ್ರೀಯರು ಪ್ರೇಮಪತ್ರ ಬರೆಯುವುದೂ ಇದರ ಮೇಲೆಯೇ. ಹತ್ತು ವರ್ಷ ಪಾಠ ಹೇಳಿದ ಮೇಲೆ ಅದು ಬೆರಳಿಗೆ ಹೇಗೆ ಹತ್ತುತ್ತದೆಂದು ತಿಳಿಯಿತು: ರೇಷ್ಮೆಗಿಂತ ಒರಟು, ಕಾಗದಕ್ಕಿಂತ ಮೃದು, ಪದರ ಬಿಡಿಸಿದರೆ ಒಳಗೆ ಇನ್ನೊಂದು ಪದರ, ಎಳೆಯ ಮಗುವಿನ ಅಂಗಾಲಿನ ಬಣ್ಣದ್ದು. ಜೇಬಿಗೆ ಹಾಕಿಕೊಳ್ಳಬೇಕೆನ್ನಿಸಿತು. ಉದ್ಯಾನದಿಂದ ಎಲೆಯೊಂದನ್ನೂ ಒಯ್ಯಕೂಡದೆಂದು ಬಾಗಿಲಿನಲ್ಲಿ ಓದಿಕೊಂಡಿದ್ದೆ, ಅಲ್ಲೇ ಬಿಟ್ಟೆ.

ಕಾಡು ಮುಗಿದು, ತಿರುವೊಂದರಲ್ಲಿ, ಕಣಿವೆ ಒಮ್ಮೆಲೇ ತೆರೆದುಕೊಂಡಿತು.

ಇಲ್ಲಿ ನಾನು ವರ್ಣನೆಗೆ ತೊಡಗಬೇಕೆಂದು ಓದುಗರು ನಿರೀಕ್ಷಿಸಬಹುದು. ಅಷ್ಟಾದಶ ವರ್ಣನೆಗಳನ್ನು ಹುಡುಗರಿಗೆ ಬಾಯಿಪಾಠ ಮಾಡಿಸುವ ನಾನು ಅಲ್ಲಿ ಮೂಕನಾಗಿ ನಿಂತೆ. ವಿನಯದಿಂದ ಹೇಳುತ್ತಿರುವ ಮಾತಲ್ಲ. ಸುಮಾರು 8 ಕಿಲೋಮೀಟರ್ ಉದ್ದ, 2 ಕಿಲೋಮೀಟರ್ ಅಗಲದ ಹಸುರು ತೊಟ್ಟಿಲು. ಎರಡೂ ಕಡೆ ಮೋಡದೊಳಗೆ ಮುಳುಗಿದ ಕರಿಯ ಬಂಡೆಗೋಡೆಗಳು, ಅವುಗಳಿಂದ ಇಳಿಯುವ ಬಿಳಿಯ ಝರಿಗಳು. ದೂರದ ತುದಿಯಲ್ಲಿ ಹಿಮನದಿ. ಅದರ ನಡುವೆ ಎದೆಯೆತ್ತರಕ್ಕೆ ಹೂವು. ಬೇರೆ ಬೇರೆ ಹೂಗಳನ್ನು ಗುರುತಿಸುವ ಮುನ್ನ ಕಣ್ಣಿಗೆ ಬಿದ್ದದ್ದು ಗುಲಾಬಿ ಬಣ್ಣದ ಒಂದು ದೊಡ್ಡ ಹಾಸು. ಹತ್ತಿರ ಹೋಗಿ ನೋಡಿದರೆ ಅದು ನಮ್ಮ ಕರ್ಣಕುಂಡಲದ ಬಂಧು! ಅದೇ ಕೊಕ್ಕು, ಅದೇ ಬಾಲ. ಮುಟ್ಟಿದರೆ ಸಿಡಿಯುವ ಅದೇ ಕಾಯಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬಂಡೆಯ ಮೇಲೆ ಗೇಣುದ್ದ ಬೆಳೆಯುವ ಆ ಕುಲದ ಗಿಡ ಅಲ್ಲಿ ನನ್ನ ಎತ್ತರಕ್ಕೆ ನಿಂತಿತ್ತು.

ಆಮೇಲೆ ಒಂದೊಂದೇ ಕಾಣತೊಡಗಿದವು. ಮಳೆಹನಿ ತುಂಬಿದ ತೆಳುನೀಲಿ ಗಸಗಸೆ ಹೂವು. ಅದರ ಎಸಳು ಎಷ್ಟು ತೆಳುವೆಂದರೆ ಹಿಂದಿನ ಬಂಡೆಯ ಬಣ್ಣವೂ ಅದರೊಳಗಿಂದ ಹಾಯುವಂತಿತ್ತು, ಆದರೆ ಕಾಂಡದ ತುಂಬ ಮುಳ್ಳು. ಹೆಡೆಯೆತ್ತಿದ ನಾಗರದಂತಹ ಗಿಡವೊಂದು. ಕಡುಗೆಂಪು ಪೊಟೆಂಟಿಲ್ಲಾ. ಅತಿವಿಷ, ಅಂದರೆ ನಮ್ಮ ತಾಯಂದಿರು ಎಳೆಗೂಸಿಗೆ ಗಂಧದ ಕಲ್ಲಿನ ಮೇಲೆ ತೇದು ನೆಕ್ಕಿಸುತ್ತಿದ್ದ ಅತಿಬಜೆ, ಹುಟ್ಟುವುದು ಇಂಥ ಎತ್ತರದಲ್ಲಂತೆ. ಗ್ರಂದಿಗೆಯ ಅಂಗಡಿಯ ಪೊಟ್ಟಣದಲ್ಲಿ ಒಣಬೇರಾಗಿ ಕಂಡದ್ದನ್ನು ಹಸುರಾಗಿ, ತಲೆದೂಗುತ್ತ ನಿಂತಿರುವುದನ್ನು ಕಂಡಾಗ, ಪರಊರಿನಲ್ಲಿ ಅಜ್ಜನ ಮನೆಯ ಆಳು ಸಿಕ್ಕಿದಂತಾಯಿತು. ಈ ಕಣಿವೆಯಲ್ಲಿ 500ಕ್ಕೂ ಹೆಚ್ಚು ಬಗೆಯ ಗಿಡಗಳನ್ನು ಸಸ್ಯಶಾಸ್ತ್ರಜ್ಞರು ಪಟ್ಟಿಮಾಡಿದ್ದಾರೆ. ಜೂನಿನಲ್ಲಿ ಬಂದವನು ಕಂಡದ್ದನ್ನು ಆಗಸ್ಟಿನಲ್ಲಿ ಬಂದವನು ಕಾಣುವುದಿಲ್ಲ. ನಾಲ್ಕೈದು ತಿಂಗಳಿನೊಳಗೆ ಹುಟ್ಟಿ, ಹೂತು, ಬೀಜ ಚೆಲ್ಲಿ ಎಲ್ಲವೂ ಹಿಮದಡಿಗೆ ಹೋಗಿಬಿಡಬೇಕು. ಪ್ರವಾಸಿಗರಿಗೂ ಅಷ್ಟೇ ಅವಧಿ: ಜೂನ್ 1ರಿಂದ ಅಕ್ಟೋಬರ್ 31ರವರೆಗೆ, ಹಗಲಿನಲ್ಲಿ ಮಾತ್ರ. ರಾತ್ರಿ ಒಳಗೆ ತಂಗುವಂತಿಲ್ಲ.

ಹೊರಜಗತ್ತಿಗೆ ಈ ಕಣಿವೆಯ ಹೆಸರು ಮುಟ್ಟಿದ್ದು 1931ರಲ್ಲಿ. ಕಾಮೆಟ್ ಶಿಖರವನ್ನೇರಿ ಇಳಿಯುತ್ತಿದ್ದ ಫ್ರಾಂಕ್ ಸ್ಮೈತ್ ಮತ್ತು ಸಂಗಡಿಗರು ಕಣಿವೆಯ ತಲೆಯ ಮೇಲಿನ ಭ್ಯುಂಡಾರ್ ಘಾಟಿಯನ್ನು ದಾಟಿ, ಮಳೆಗೆ ಸಿಕ್ಕಿ, ಇಲ್ಲಿಗೆ ಬಂದು ಬಿದ್ದರು. ಸ್ಮೈತ್ ಮತ್ತೆ 1937ರಲ್ಲಿ ಬಂದು, ಹೂಗಳ ನಡುವೆ ಡೇರೆ ಹಾಕಿ, ಬೀಜಗಳನ್ನು ಸಂಗ್ರಹಿಸಿಕೊಂಡು ಹೋಗಿ, ಮರುವರ್ಷ ಪುಸ್ತಕವನ್ನೇ ಬರೆದ. ಆ ಪುಸ್ತಕದ ಹೆಸರೇ ಇಂದು ಈ ಕಣಿವೆಗೆ ಉಳಿದಿದೆ. ಆದರೆ ಭ್ಯುಂಡಾರಿನವರಿಗೆ ಇದೇನು ಹೊಸದೇ? ಅವರಿಗೆ ಇದು ಆಛರಿಗಳ, ಎಂದರೆ ವನದೇವತೆಗಳ ನೆಲೆ. ಇಲ್ಲಿ ಗಟ್ಟಿಯಾಗಿ ಕೂಗಬಾರದು, ಬಣ್ಣದ ಬಟ್ಟೆ ತೊಟ್ಟು ಬರಬಾರದು. ಬಂದರೆ ಅವರು ಎತ್ತಿಕೊಂಡು ಹೋಗುತ್ತಾರೆಂದು ಹಿರಿಯರು ಹೇಳುತ್ತಿದ್ದರಂತೆ. ಕೆಂಪು, ಹಳದಿ, ನೇರಳೆಯ ಮಳೆಯಂಗಿಗಳನ್ನು ತೊಟ್ಟು, ಮೊಬೈಲಿಗೆ ಮುಖ ಕೊಟ್ಟು ಕಿರುಚುತ್ತಿದ್ದ ತಂಡವೊಂದು ಆಗ ನಮ್ಮನ್ನು ದಾಟಿಹೋಯಿತು. ಆಛರಿಗಳು ಸುಮ್ಮನಿದ್ದರು.

ಕಣಿವೆಯ ನಡುವೆ, ದಾರಿಯಿಂದ ಸ್ವಲ್ಪ ಒಳಗೆ, ಒಂದು ಸಮಾಧಿಯಿದೆ. ಜೋನ್ ಮಾರ್ಗರೆಟ್ ಲೆಗ್ ಎಂಬ ಆಂಗ್ಲ ಮಹಿಳೆ ಇಲ್ಲಿಯ ಸಸ್ಯಗಳನ್ನು ಸಂಗ್ರಹಿಸಲು ಬಂದು, 1939ರ ಜುಲೈ 4ರಂದು ಹೂ ಬಿಡಿಸುತ್ತಿದ್ದಾಗ ಬಂಡೆಯಿಂದ ಜಾರಿಬಿದ್ದು ತೀರಿಕೊಂಡಳು. ಅವಳನ್ನು ಇಲ್ಲಿಯೇ ಮಣ್ಣುಮಾಡಿದರು. ಮುಂದೆ ಅವಳ ಸೋದರಿ ಬಂದು ಈ ಕಲ್ಲು ಇಡಿಸಿದಳು. ಅದರ ಮೇಲೆ ಯಾರೋ ಬಾಡಿದ ಹೂಗಳನ್ನು ಇಟ್ಟಿದ್ದರು. ಉದ್ಯಾನದ ನಿಯಮದಂತೆ ಅದೂ ತಪ್ಪೇ. ಮಳೆ ಹನಿಯತೊಡಗಿತು. ನಾವು ಅಲ್ಲೇ ಬಂಡೆಯೊಂದರ ಮರೆಯಲ್ಲಿ ಕುಳಿತು ಘಂಗರಿಯಾದಿಂದ ತಂದಿದ್ದ ಪರಾಠವನ್ನು ಅಮ್ಮನ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಇಲಿಗೂ ಮೊಲಕ್ಕೂ ನಡುವಿನದೆನ್ನಿಸುವ, ಬಾಲವಿಲ್ಲದ ಪುಟ್ಟ ಪ್ರಾಣಿಯೊಂದು ಕಲ್ಲಿನ ಸಂದಿನಿಂದ ಇಣುಕಿ ನಮ್ಮ ಊಟವನ್ನು ಪರೀಕ್ಷಿಸಿ ಮರೆಯಾಯಿತು.

ಜೊತೆಗಾರನ ಬಾಯಿ ಬಿಚ್ಚಿದ್ದು ಆಗಲೇ. ಎದುರಿನ ಇಳಿಜಾರನ್ನು ತೋರಿಸಿ, "ಅದನ್ನು ನೋಡಿ ಮಾಸ್ಟರ್‌ಜೀ" ಎಂದ. ಕೆನೆಬಣ್ಣದ ಸಣ್ಣ ಹೂಗೊಂಚಲುಗಳ, ದಟ್ಟವಾದ, ಆಳೆತ್ತರದ ಪೊದೆ. ನನಗೆ ಅದೂ ಚೆನ್ನಾಗಿಯೇ ಕಂಡಿತು. "ಅಮೇಲಾ" ಎಂದ. "ಅದು ಬಂದ ಕಡೆ ಬೇರೆ ಹೂವಿಗೆ ಬಿಸಿಲು ಸಿಗುವುದಿಲ್ಲ."

ಅವನ ಅಪ್ಪ, ಅಜ್ಜ ಬೇಸಗೆಯಲ್ಲಿ ಕುರಿ ಮೇಕೆಗಳನ್ನು ಹೊಡೆದುಕೊಂಡು ಬಂದು ಈ ಕಣಿವೆಯಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದರು. 1982ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು; ಮರುವರ್ಷದಿಂದ ಮೇಯಿಸುವುದು ನಿಂತಿತು. ಕುರಿಗಳು ಹೂಗಳನ್ನು ತುಳಿದು ಹಾಳುಮಾಡುತ್ತವೆ ಎಂಬುದು ಕಾರಣ. ಕೇಳಿದರೆ ಯಾರಿಗಾದರೂ ಸರಿಯೆನ್ನಿಸುವ ಕಾರಣವೇ. ಆದರೆ ಕುರಿಗಳು ಹೋದ ಮೇಲೆ ಈ ಅಮೇಲಾ ಹಬ್ಬತೊಡಗಿತು. ಎಳೆಯದಿದ್ದಾಗಲೇ ಕುರಿಗಳು ಅದನ್ನು ಮೇಯುತ್ತಿದ್ದವು, ತುಳಿಯುತ್ತಿದ್ದವು ಎಂದು ಊರಿನವರು ಹೇಳುತ್ತಾರೆ. ಹಾಗಲ್ಲ, ಅದು ಹೆಚ್ಚಾಗಿ ಹಬ್ಬುವುದು ಹಿಮ ಜಾರಿ ನೆಲ ಕದಡಿದ ಕಡೆ ಮತ್ತು ಹಿಂದೆ ಕುರಿಗಳ ದೊಡ್ಡಿಯಿದ್ದ ಕಡೆ, ಮೇಯಿಸುವುದನ್ನು ನಿಲ್ಲಿಸಿದ್ದೇ ಸರಿ ಎಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಈ ಜಗಳ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗುವವರೆಗೆ ಅರಣ್ಯ ಇಲಾಖೆ ಕೂಲಿಯಾಳುಗಳಿಂದ ಆ ಪೊದೆಗಳನ್ನು ಕೀಳಿಸುತ್ತಿದೆ.

"ನಾನೂ ಮೂರು ವರ್ಷ ಕಿತ್ತಿದ್ದೇನೆ" ಎಂದು ಅವನು ನಕ್ಕ. "ಅಪ್ಪನ ಕುರಿಗಳು ಸಂಬಳವಿಲ್ಲದೆ ಮಾಡುತ್ತಿದ್ದ ಕೆಲಸ."

ಯಾರು ಸರಿಯೆಂದು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಕುರಿಗಳನ್ನು ಮತ್ತೆ ಬಿಟ್ಟರೆ ನೀಲಿ ಗಸಗಸೆಯ ಗತಿಯೇನು ಎಂಬ ಭಯವೂ ನನಗಿದೆ. ನನ್ನನ್ನು ಕಾಡಿದ್ದು ಬೇರೆ ಸಂಗತಿ: ಅವನ ಅಪ್ಪನನ್ನು ಹೊರಗೆ ಕಳುಹಿಸಿದಾಗ ಯಾರಾದರೂ ಕೂತು ಅವನ ಬಾಯಿಂದ ಈ ಕಣಿವೆಯ ಕಥೆಯನ್ನು ಕೇಳಿದ್ದರೇ? ಕೇಳಿದೆ. "ಕಾಗದ ಓದಿ ಹೇಳಿದರು" ಎಂದ. ಹತ್ತು ನಿಮಿಷದ ಪಾಠ, ಎಂದುಕೊಂಡೆ.

ಮೃಗಗಳ ವಿಷಯದಲ್ಲಿ ನನ್ನ ಅದೃಷ್ಟ ಸಾಧಾರಣ. ಕರಡಿ, ಹಿಮಚಿರತೆ, ತಾಹರ್ ಎಂಬ ಕಾಡುಮೇಕೆ, ಭರಲ್ ಎಂಬ ನೀಲಿಕುರಿ ಎಲ್ಲವೂ ಉಂಟು. ನೋಡಬೇಕೆಂದು ಬಂದವರಿಗೆ ಅವು ಕಾಣಿಸಿಕೊಳ್ಳುವುದಿಲ್ಲ. ಹಿಂತಿರುಗುವಾಗ ಭೂರ್ಜವನದ ಅಂಚಿನಲ್ಲಿ ಗಂಡು ಮೊನಾಲ್ ಪಕ್ಷಿಯೊಂದು ಹಸುರು, ತಾಮ್ರ, ನೀಲಿಗಳನ್ನು ಒಮ್ಮೆಗೇ ಎರಚಿದಂತೆ ಹಾರಿಹೋಯಿತು. ಒಂದು ಕಡೆ ಜೊತೆಗಾರ ಬಾಗಿ, ಪೊದೆಯ ಬುಡದಲ್ಲಿ ಒಂದೇ ಜಾಗದಲ್ಲಿ ಬಿದ್ದಿದ್ದ ಸಣ್ಣ ಹಿಕ್ಕೆಗಳನ್ನು ತೋರಿಸಿ, "ಕಸ್ತೂರಿ" ಎಂದ. ಕಸ್ತೂರಿ ಮೃಗ ಹೀಗೆ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬರುತ್ತದಂತೆ. ಅದರಿಂದಲೇ ಬೇಟೆಗಾರರಿಗೆ ಸುಲಭವಾಗಿ ಸಿಕ್ಕಿಬೀಳುತ್ತದೆ. 'ಕಸ್ತೂರಿ ಕನ್ನಡ' ಎಂದು ಪ್ರತಿ ನವೆಂಬರಿನಲ್ಲಿ ವೇದಿಕೆಯ ಮೇಲೆ ಭಾಷಣ ಮಾಡುವ ನನಗೆ ಆ ಪ್ರಾಣಿಯ ವಿಷಯವಾಗಿ ದೊರೆತ ದರ್ಶನ ಇಷ್ಟೇ.

ಆ ದಿನ ಬ್ರಹ್ಮಕಮಲ ಕಾಣಲಿಲ್ಲ. ಅದು ಇನ್ನೂ ಎತ್ತರದ ಹೂವು. ಕಣಿವೆಯ ತಳದಲ್ಲಿ ಸಿಗುವುದಿಲ್ಲ, ನಾಳೆ ಹೇಮಕುಂಡದ ದಾರಿಯಲ್ಲಿ ನೋಡುವಿರಂತೆ ಎಂದ ಜೊತೆಗಾರ.

ಮರುದಿನದ ದಾರಿ 6 ಕಿಲೋಮೀಟರ್. ಆದರೆ ಗೋಡೆಯನ್ನು ಹತ್ತಿದಂತೆ. ಗಾಳಿ ತೆಳುವಾಗಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಕೊನೆಯ ಭಾಗದ ಕಲ್ಲಿನ ಮೆಟ್ಟಿಲುಗಳಲ್ಲಿ, 4,000 ಮೀಟರಿಗೂ ಮೇಲೆ, ಮಂಜಿನೊಳಗಿಂದ ಬಂಡೆಯ ಸಂದಿಯಲ್ಲಿ ಏನೋ ಹೊಳೆದಂತಾಯಿತು. ತೆಳುಹಳದಿ, ತೆಳುಹಸುರು, ಎಣ್ಣೆಕಾಗದದಂತಹ ಅರೆಪಾರದರ್ಶಕ ಎಲೆಗಳು ಒಂದರೊಳಗೊಂದು ಸುತ್ತಿ ದೊನ್ನೆಯಂತಾಗಿದ್ದವು. ಬಾಗಿ ನೋಡಿದೆ. ಅದರೊಳಗೆ ಬೆಚ್ಚಗೆ, ಕಡುನೇರಳೆ ಬಣ್ಣದ ಪುಟ್ಟ ಪುಟ್ಟ ಹೂಗುಚ್ಛಗಳು ಕೂತಿದ್ದವು. ಹೊರಗೆ ಚಳಿ, ಗಾಳಿ, ಆಲಿಕಲ್ಲು. ಒಳಗೆ ಅದರದೇ ಆದ ಗಾಜಿನ ಮನೆ. ಮೂಗಿಗೆ ಹತ್ತಿದ್ದು ಮಾತ್ರ ಪರಿಮಳವೆನ್ನಲಾಗದ ಘಾಟು. ಸುತ್ತ ನೋಡಿದರೆ ಇಳಿಜಾರಿನ ಮೇಲೆಲ್ಲ, ಕೈಗೆ ನಿಲುಕದ ಕಡೆಗಳಲ್ಲಿ, ನೂರಾರು. ಕೈಗೆ ನಿಲುಕುವ ಕಡೆ ಬರಿಯ ಮುರಿದ ಕಾಂಡಗಳು.

ಅಷ್ಟರಲ್ಲಿ ಮೇಲಿನಿಂದ ಇಳಿಯುತ್ತಿದ್ದ ಯಾತ್ರಿಕ ಕುಟುಂಬವೊಂದು ನನ್ನ ಪಕ್ಕ ನಿಂತಿತು. ಎಲ್ಲಿಂದ ಬಂದಿರಿ, ಏನು ಕೆಲಸ ಎಂಬ ಮಾತಿನ ನಡುವೆ, ಅಮ್ಮ ಈ ಹೂವನ್ನು ನೋಡಬೇಕೆಂದಿದ್ದಾಳೆ ಎಂದು ಯಾವ ಉದ್ದೇಶವೂ ಇಲ್ಲದೆ ಹೇಳಿದೆ. ಆ ಮನೆಯ ಹಿರಿಯಾಕೆ ತನ್ನ ಚೀಲದೊಳಗಿಂದ ಒಂದು ಬ್ರಹ್ಮಕಮಲವನ್ನು ತೆಗೆದು ನನ್ನ ಎರಡೂ ಕೈಗಳಲ್ಲಿಟ್ಟು, "ತಾಯಿಗೆ ಕೊಡು ಮಗನೇ" ಎಂದು ಹೇಳಿ ಇಳಿದುಹೋದಳು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ, ಬೇಡವೆನ್ನಲು ಮನಸ್ಸೂ ಇರಲಿಲ್ಲ. ನಾನು ಕಿತ್ತವನಲ್ಲ. ಕಾಗದದಲ್ಲಿ ಸುತ್ತಿ ಚೀಲದ ತಳದಲ್ಲಿಟ್ಟರೆ ಮೈಸೂರು ತಲುಪುವ ಹೊತ್ತಿಗೆ ಒಣಗಿದ್ದರೂ ಆಕಾರ ಉಳಿದೀತು. ಅಮ್ಮನ ಕೈಗೆ ಕೊಟ್ಟು ಏನು ಹೇಳಬೇಕೆಂಬುದನ್ನೂ ಆ ಕ್ಷಣದಲ್ಲೇ ಯೋಚಿಸಿದ್ದೆ.

ಜೊತೆಗಾರ ಏನೂ ಅನ್ನಲಿಲ್ಲ. ಹತ್ತು ಮೆಟ್ಟಿಲು ಏರಿದ ಮೇಲೆ, ನಾನು ಕೇಳದೆಯೇ, "ನಂದಾಷ್ಟಮಿ ಇನ್ನೂ ಬಂದಿಲ್ಲ" ಎಂದ. ಭಾದ್ರಪದದ ನಂದಾಷ್ಟಮಿಗೆ ಮುಂಚೆ ಅವರ ಕಡೆ ಈ ಹೂವನ್ನು ಮುಟ್ಟುವುದಿಲ್ಲ. ಆ ದಿನಗಳಲ್ಲಿ ಊರಿನಿಂದ ಗೊತ್ತುಮಾಡಿದವರು ಉಪವಾಸವಿದ್ದು, ಬರಿಗಾಲಿನಲ್ಲಿ ಮೇಲೆ ಬಂದು, ದೇವಿಗೆ ಬೇಕಾದಷ್ಟನ್ನು ಬುಟ್ಟಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಅಷ್ಟು ಹೊತ್ತಿಗೆ ಹೂವು ಬಲಿತು ಬೀಜ ಕಟ್ಟತೊಡಗಿರುತ್ತದೆ. ಅವನು ಇದನ್ನು ಆಕ್ಷೇಪಣೆಯ ಧ್ವನಿಯಲ್ಲಿ ಹೇಳಲಿಲ್ಲ. ಮಳೆ ಬರಬಹುದು ಎಂಬಂತೆ ಹೇಳಿದ. "ಈಗೇನು ಮಾಡಲಿ?" ಎಂದೆ. "ಕಿತ್ತದ್ದನ್ನು ಮತ್ತೆ ಅಂಟಿಸಲಾಗುತ್ತದೆಯೇ? ತಾಯಿಗೆ ಒಯ್ಯಿರಿ. ಇಲ್ಲವೇ ಲಕ್ಷ್ಮಣನಿಗೆ ಕೊಡಿ" ಎಂದ.

ಹೇಮಕುಂಡದ ನೀರು ಕಪ್ಪು. ಅದರಲ್ಲಿ ಮಂಜಿನ ಮುದ್ದೆಗಳು ತೇಲುತ್ತಿವೆಯೋ ಪ್ರತಿಬಿಂಬಿಸುತ್ತಿವೆಯೋ ತಿಳಿಯುವಂತಿರಲಿಲ್ಲ. ಗುರುದ್ವಾರದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕುಳಿತೆ. ಲಂಗರಿನಲ್ಲಿ ಕೊಟ್ಟ ಬಿಸಿ ಖಿಚಡಿಯನ್ನೂ ಚಹಾವನ್ನೂ ನಡುಗುವ ಕೈಯಲ್ಲಿ ಹಿಡಿದು ತಿಂದು ಕುಡಿದೆ. ಅಂಥ ರುಚಿಯಾದ ಖಿಚಡಿಯನ್ನು ಮತ್ತೆ ತಿಂದಿಲ್ಲ. ಸರೋವರದ ದಡದಲ್ಲೇ ಲಕ್ಷ್ಮಣನ ಚಿಕ್ಕ ಗುಡಿಯಿದೆ. ಅದರ ಹೊಸ್ತಿಲಿನ ಮುಂದೆ ಚೀಲ ಬಿಚ್ಚಿ, ಹೂವನ್ನು ಹೊರಗೆ ತೆಗೆದು, ಮತ್ತೆ ಒಳಗಿಟ್ಟು, ಮತ್ತೆ ತೆಗೆದೆ. ಕೊನೆಗೆ ಅಲ್ಲಿಟ್ಟು ಬಂದೆ. ಇಳಿಯುವಾಗ ಮೂರು ಸಲ ಹಿಂದಿರುಗಿ ಹೋಗಿ ತರೋಣವೇ ಎನ್ನಿಸಿತು. ಮೊಣಕಾಲು ಒಪ್ಪಲಿಲ್ಲ.

ಮನೆಗೆ ಬಂದ ದಿನ ಸ್ನಾನ ಊಟಗಳಾದ ಮೇಲೆ ಅಮ್ಮ ಎದುರಿಗೆ ಕೂತು, "ಎಲ್ಲೋ?" ಎಂದಳು. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಇದೇನೋ? ಎಲೆಕೋಸಿನ ಹಾಗಿದೆಯಲ್ಲೋ!"

ನನ್ನ ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡಳು.

"ವಾಸನೆ ಹೇಗಿರುತ್ತೆ?"

"ಒಂಥರಾ ಘಾಟು ಅಮ್ಮ."

"ರಾತ್ರಿ ಅರಳುತ್ತೋ?"

"ಇಲ್ಲ. ಹಗಲೂ ಹಾಗೇ ಇರುತ್ತೆ."

"ಮತ್ತೆ ಒಂದು ತರಲಿಲ್ಲ ಯಾಕೆ?" ನಡೆದುದನ್ನೆಲ್ಲ ಹೇಳಿದೆ. ಹಿರಿಯಾಕೆ ಕೊಟ್ಟದ್ದು, ನಂದಾಷ್ಟಮಿ, ಗುಡಿಯ ಹೊಸ್ತಿಲು. ಆ ಬೆಟ್ಟದವನ ಮನೆ ಹೊಳೆಯ ಪಾಲಾದದ್ದನ್ನು ಕೇಳಿ ಅಮ್ಮ ಹೂವಿನ ಮಾತನ್ನೇ ಬಿಟ್ಟು, ಅವನಿಗೆ ಮಕ್ಕಳೆಷ್ಟು, ಈಗೆಲ್ಲಿದ್ದಾರೆ ಎಂದು ವಿಚಾರಿಸಿದಳು. ಆಮೇಲೆ ನಾನು ಮೂರು ವರ್ಷಗಳಿಂದ ಗಂಟಲಲ್ಲಿಟ್ಟುಕೊಂಡಿದ್ದ ಮಾತನ್ನು ಹೇಗೋ ಹೊರಕ್ಕೆ ಹಾಕಿದೆ. ಅಮ್ಮ, "ಅಯ್ಯೋ, ಅದನ್ನು ಯಾರು ನೆನಪಿಟ್ಟುಕೊಂಡಿದಾರೆ" ಎಂದು ಎದ್ದುಹೋದಳು. ನೆನಪಿಟ್ಟುಕೊಂಡಿದ್ದಳು ಎಂಬುದು ಆ ಎದ್ದುಹೋದ ರೀತಿಯಲ್ಲೇ ತಿಳಿಯಿತು.

ಎಂಟು ಹತ್ತು ದಿನ ಕಳೆದವು. ಮಳೆ ಹಿಂದಾಗಿದ್ದರೂ ಹಂಡೆಯ ಗಿಡದಲ್ಲಿ ಹಿಂಗಾಲದ ಮೊಗ್ಗು ಎರಡಿದ್ದವು. ಒಂದು ಸಂಜೆ ನಾನು ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು, "ಇವತ್ತು ರಾತ್ರಿ. ಪಕ್ಕದವರಿಗೆಲ್ಲ ಹೇಳಿ ಬಾ. ಬರುವಾಗ ಅರ್ಧ ಲೀಟರ್ ಹಾಲು ತಗೊಂಡು ಬಾ" ಎಂದಳು.

ಹತ್ತು ಗಂಟೆಗೆ ಹಿತ್ತಲು ತುಂಬಿತು. ಅಂದು ಕೈ ಹಿಂದಕ್ಕೆ ತೆಗೆದುಕೊಂಡಿದ್ದ ವೃದ್ಧೆಯೂ ಬಂದಿದ್ದರು. ಅಮ್ಮ ನನ್ನ ಮೊಬೈಲನ್ನು ಕಸಿದುಕೊಂಡು ಒಬ್ಬೊಬ್ಬರಿಗೂ ತೋರಿಸುತ್ತ, "ನೋಡಿ, ನಿಜವಾದ ಬ್ರಹ್ಮಕಮಲ ಇದಂತೆ. ಹಿಮಾಲಯದ್ದು. ನಮ್ಮ ಹುಡುಗ ಹೋಗಿ ಕಣ್ಣಾರೆ ನೋಡಿಕೊಂಡು ಬಂದಿದಾನೆ. ಹೆಂಗಸರು ಮಕ್ಕಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗುತಾರಂತೆ" ಎಂದು ವಿವರಿಸುತ್ತಿದ್ದಳು. ಆ ವೃದ್ಧೆ ಚಿತ್ರವನ್ನು ಕಣ್ಣಿಗೆ ಒತ್ತಿಕೊಂಡು, ಆಮೇಲೆ, "ಅದು ಅಲ್ಲಿಯದು, ಇದು ಇಲ್ಲಿಯದು. ಕುಂಕುಮ ಈ ಕಡೆ ಕೊಡಿ" ಎಂದರು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಹೊರಗಿನ ಎಸಳು ಸಡಿಲವಾಯಿತು. ಪಕ್ಕದ ಮನೆಯ ಮಗು, ಈಗ ಮೂರು ವರ್ಷ ದೊಡ್ಡದಾದದ್ದು, ನನ್ನ ಕಡೆ ತಿರುಗಿ ಏನೋ ಕೇಳಲು ಬಾಯಿ ತೆರೆಯಿತು. ನಾನು ಟಾರ್ಚನ್ನು ಸ್ವಲ್ಪ ಕೆಳಗೆ ಮಾಡಿ, "ಅಜ್ಜಿಯನ್ನ ಕೇಳು ಪುಟ್ಟ" ಎಂದೆ.